ಕಾಲ್ಚೆಂಡಾಟದ ಗುರು ರಹೀಂ

ಬಾಳಿನಲ್ಲಿ ಗಳಿಸುವುದು ಎಷ್ಟು ಮುಖ್ಯವೋ ಗಳಿಸಿದ್ದನ್ನು ಉಳಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಕಾಡಿನಂಚಿನಲ್ಲಿರುವ ಲೊಕ್ಕನಹಳ್ಳಿಯಂತಹ ಊರುಗಳ ರೈತನಿಗೆ ಈ ಮಾತನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಮನೆಯವರೆಲ್ಲರೂ ಹಗಲಿಡೀ ದುಡಿದು ಇರುಳು ಮೈಮರೆತು ಮಲಗಿದರೆ, ತೆನೆಗಟ್ಟಿದ ರಾಗಿ ಆನೆ ಹಂದಿಗಳ ಪಾಲಾಗುತ್ತದೆ. ಎಲ್ಲರೂ ಅಟ್ಟಣೆಯೇರಿ ಕಾವಲಿಗೆ ಕುಳಿತರೆ ಮರುದಿನ ಹೊಲದಲ್ಲಿ ದುಡಿಯುವವರಿಲ್ಲ. ಇರುವ ಕೆಲವೇ ಕೈಗಳಲ್ಲಿ ದುಡಿಮೆಗೆ ಎಷ್ಟು, ಕಾವಲಿಗೆ ಎಷ್ಟು ಎಂದು ಹಂಚುವುದರಲ್ಲಿಯೇ ಅವನ ಜಾಣ್ಮೆಯಿದೆ. ಆಟದ ಬಯಲಿನಲ್ಲಿಯೂ ಇದೇ ನಿಯಮ. ಐವರ ಬ್ಯಾಸ್ಕೆಟ್‌ಬಾಲ್ ಆಗಲಿ, ಏಳು ಮಂದಿಯ ಕಬಡ್ಡಿಯಾಗಲಿ, ಹನ್ನೊಂದು ಮಂದಿಯ ಕಾಲ್ಚೆಂಡಾಟವಾಗಲಿ, ಎದುರಾಳಿಯ ಮೇಲೆ ಏರಿಹೋಗುವವರು ಎಷ್ಟು ಮಂದಿ, ತಮ್ಮ ಗಡಿಯನ್ನು ಕಾಯುವವರು ಎಷ್ಟು ಮಂದಿ ಎಂಬ ಪ್ರಶ್ನೆ ಆಟ ಆರಂಭವಾಗುವ ಮೊದಲೇ ಎದ್ದು ನಿಲ್ಲುತ್ತದೆ. ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ತಮ್ಮ ಆಯುಷ್ಯವನ್ನು ಸವೆಸಿ, ಭಾರತದ ಕಾಲ್ಚೆಂಡಾಟವನ್ನು ಏಷ್ಯಾ ಖಂಡದಲ್ಲಿ ಅಗ್ರಸ್ಥಾನಕ್ಕೇರಿಸಿದ ಮಹನೀಯರು ಸೈಯದ್ ಅಬ್ದುಲ್ ರಹೀಂ. ಅವರು ವೃತ್ತಿಯಿಂದ ಶಾಲಾ ಉಪಾಧ್ಯಾಯರು.

ರಹೀಮರು 1909ನೆಯ ಇಸವಿ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಅಂದಿನ ಹೈದರಾಬಾದು ನಿಜಾಮರ ಆಳ್ವಿಕೆಗೆ ಒಳಪಟ್ಟ ವಿಶಾಲವಾದ ಸಂಸ್ಥಾನ. ಕನ್ನಡ ನಾಡಿನ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರವರೆಗೆ ಆ ರಾಜ್ಯಕ್ಕೇ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗಲೇ ರಹೀಮರು ಕಾಲ್ಚೆಂಡಾಟದಲ್ಲಿ ಹೆಸರು ಗಳಿಸಿದರು. ಪದವಿಯನ್ನು ಪಡೆದ ಬಳಿಕ ಉಪಾಧ್ಯಾಯ ವೃತ್ತಿಯನ್ನು ಕೈಗೊಂಡು ನಗರದ ಹಲವು ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿಯೂ ಶಾಸ್ತ್ರೀಯವಾದ ತರಬೇತಿಯನ್ನು ಪಡೆದರು. ತರಗತಿಯ ಕೊಠಡಿಯಲ್ಲಿ ಅವರು ಕಲಿತ ಸಹನೆ, ಕ್ರಮಬದ್ಧತೆ, ಪ್ರತಿಯೊಬ್ಬ ಹುಡುಗನ ಶಕ್ತಿ ದೌರ್ಬಲ್ಯಗಳನ್ನು ಗುರುತಿಸುವ ಕಣ್ಣು ಇವೇ ಮುಂದೆ ಆಟದ ಬಯಲಿನಲ್ಲಿ ಅವರ ಬಂಡವಾಳವಾದವು. 1940ರ ದಶಕದಲ್ಲಿ ಹೈದರಾಬಾದಿನ ಕಾಲ್ಚೆಂಡಾಟದ ಸಂಘದ ಕಾರ್ಯದರ್ಶಿಯಾಗಿ ಹೊಣೆ ಹೊತ್ತುಕೊಂಡ ಅವರು ಆ ಊರಿನ ಆಟಕ್ಕೆ ಹೊಸ ರೂಪವನ್ನೇ ಕೊಟ್ಟರು.

ರಹೀಮರ ಬೋಧನಕ್ರಮ ವಿಶಿಷ್ಟವಾದುದು. ಸಾಮಾನ್ಯವಾಗಿ ಬಹುಮಂದಿ ಆಟಗಾರರಿಗೆ ಬಲಗಾಲು ಪಳಗಿರುತ್ತದೆ, ಎಡಗಾಲು ಊರುಗೋಲಿನಂತೆ ಆಸರೆಗಷ್ಟೇ ಇರುತ್ತದೆ. ಈ ಕೊರತೆಯನ್ನು ಬರಿಯ ಉಪದೇಶದಿಂದ ನೀಗಲಾಗದೆಂದು ಅರಿತ ರಹೀಮರು, ಪಳಗದ ಕಾಲಿನಿಂದ ಮಾತ್ರವೇ ಚೆಂಡನ್ನು ಒದೆಯಬೇಕೆಂಬ ನಿಯಮದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಚೆಂಡನ್ನು ತಾನೊಬ್ಬನೇ ಕಾಲಲ್ಲಿಟ್ಟುಕೊಂಡು ಓಡುವ ಚಪಲ ಅಂದಿನ ಆಟಗಾರರಲ್ಲಿ ಬಹಳವಾಗಿತ್ತು. ಅದನ್ನು ತಿದ್ದಲು, ಚೆಂಡನ್ನು ಹಾಗೆ ಒಯ್ಯುವುದನ್ನೇ ನಿಷೇಧಿಸಿದ ಪಂದ್ಯಗಳನ್ನು ನಡೆಸಿದರು. ಚೆಂಡು ಕಾಲಿಗೆ ಬಂದೊಡನೆ ಜೊತೆಗಾರ ಎಲ್ಲಿದ್ದಾನೆಂದು ಕತ್ತೆತ್ತಿ ನೋಡುವುದನ್ನು ಹುಡುಗರು ಹೀಗೆ ತಾವಾಗಿಯೇ ಕಲಿತರು. ಸಿಕಂದರಾಬಾದಿನ ಬಳಿಯ ಬಡ ಕುಟುಂಬದ ತುಳಸೀದಾಸ್ ಬಲರಾಮರಲ್ಲಿ ಅಡಗಿದ್ದ ಪ್ರತಿಭೆಯನ್ನು ಕಂಡುಹಿಡಿದವರು ರಹೀಮರೇ. ಅಭ್ಯಾಸಕ್ಕೆ ಬಂದುಹೋಗಲೂ ಹಣವಿಲ್ಲದ ಆ ತರುಣನ ಪ್ರಯಾಣದ ಖರ್ಚನ್ನು ತಾವೇ ವಹಿಸಿಕೊಂಡು ಅವರನ್ನು ದೇಶದ ಶ್ರೇಷ್ಠ ಆಟಗಾರರ ಸಾಲಿಗೆ ತಂದರು.

1950ರಲ್ಲಿ ರಹೀಮರು ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತುದಾರರಾದರು. ಕಾಲ್ಚೆಂಡಾಟವೆಂದರೆ ಕಲ್ಕತ್ತ ಎಂದೇ ದೇಶವೆಲ್ಲ ನಂಬಿದ್ದ ಕಾಲವದು. ಮೋಹನ ಬಾಗಾನ್, ಈಸ್ಟ್ ಬೆಂಗಾಲ್ ತಂಡಗಳ ಕೀರ್ತಿಯ ಮುಂದೆ ದಕ್ಷಿಣದ ಪೊಲೀಸರ ತಂಡವನ್ನು ಲೆಕ್ಕಕ್ಕಿಡುವವರೇ ಇರಲಿಲ್ಲ. ಆದರೆ ಅದೇ ವರ್ಷ ರಹೀಮರ ತಂಡ ಡ್ಯುರಾಂಡ್ ಕಪ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಮೋಹನ ಬಾಗಾನನ್ನು ಸೋಲಿಸಿತು. ಮುಂಬಯಿಯ ಹೆಸರಾಂತ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತವಾಗಿ ಐದು ಸಲ ಗೆದ್ದುಕೊಂಡಿತು. ಈ ಗೆಲುವುಗಳು ಒಬ್ಬಿಬ್ಬರ ಕಾಲ್ಚಳಕದ ಫಲವಾಗಿರಲಿಲ್ಲ. ಹನ್ನೊಂದು ಮಂದಿಯೂ ಒಬ್ಬರ ಕೊರತೆಯನ್ನು ಮತ್ತೊಬ್ಬರು ತುಂಬಿಕೊಂಡು ಆಡಿದ್ದರ ಫಲ ಅವು.

ಇಂತಹ ಗುರುವಿನ ಕಡೆಗೆ ದೇಶದ ಕಣ್ಣು ಹೊರಳಿದ್ದು ಸಹಜವೇ ಆಗಿತ್ತು. ಸ್ವತಂತ್ರ ಭಾರತದ ತಂಡ 1948ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಆಡಿ, ಫ್ರಾನ್ಸಿನ ಎದುರು 1-2ರ ಅಂತರದಲ್ಲಿ ಸೋತಿತ್ತು. ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲನ್ನು ಗಳಿಸಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಕಾಲ್ಚೆಂಡಾಟ ಅಂದು ಕನ್ನಡ ನಾಡಿನಲ್ಲಿಯೂ ಹುಲುಸಾಗಿ ಬೆಳೆದಿತ್ತು. ರಾಷ್ಟ್ರೀಯ ಚಾಂಪಿಯನ್ನರಿಗೆ ಕೊಡುವ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47ರಲ್ಲಿ ಒಮ್ಮೆ, 1952-53ರಲ್ಲಿ ಮತ್ತೊಮ್ಮೆ ಬಂಗಾಳವನ್ನು ಸೋಲಿಸಿ ಪಡೆದುಕೊಂಡಿತು. 1951ರ ಮಾರ್ಚಿಯಲ್ಲಿ ಪ್ರಥಮ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆದಾಗ ರಹೀಮರು ಭಾರತ ತಂಡದ ತರಬೇತುದಾರರಾಗಿದ್ದರು. ಶೈಲೇನ್ ಮನ್ನಾ ಅವರ ನಾಯಕತ್ವದ ತಂಡ ಅಂತಿಮ ಪಂದ್ಯದಲ್ಲಿ ಇರಾನನ್ನು ಒಂದು ಗೋಲಿನಿಂದ ಮಣಿಸಿ ಚಿನ್ನದ ಪದಕವನ್ನು ಗೆದ್ದಿತು.

ಆದರೆ ಗೆಲುವಿನ ಹಿಗ್ಗು ಬಹುಕಾಲ ಉಳಿಯಲಿಲ್ಲ. ಮರುವರ್ಷ, 1952ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯ ತಂಡ ಭಾರತವನ್ನು 10-1 ಗೋಲುಗಳಿಂದ ಧೂಳೀಪಟ ಮಾಡಿತು. ಚಳಿಯ ನಾಡಿನ ಆ ಬಯಲಿನಲ್ಲಿ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದ್ದರು. ಭಾರತದ ಮಾನ ಉಳಿಸಿದ ಒಂದೇ ಗೋಲು ಬೆಂಗಳೂರಿನ ಅಹಮದ್ ಖಾನರದು. ಈ ಸೋಲಿನ ತರುವಾಯ ಆಟಗಾರರು ಬೂಟು ಧರಿಸುವುದು ಕಡ್ಡಾಯವಾಯಿತು. ಆದರೆ ಸೋಲಿಗೆ ಬರಿಗಾಲೊಂದೇ ಕಾರಣವಾಗಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಆಟಗಾರರನ್ನು ಬಯಲಿನಲ್ಲಿ ನಿಲ್ಲಿಸುವ ವ್ಯೂಹದಲ್ಲಿಯೇ ಅಡಗಿತ್ತು.

ಆ ವ್ಯೂಹದ ಸ್ವರೂಪವನ್ನು ತಿಳಿಯದೆ ರಹೀಮರ ಸಾಧನೆಯ ಬೆಲೆ ತಿಳಿಯದು. ಕಾಲ್ಚೆಂಡಾಟದ ತಂಡದಲ್ಲಿ ಗೋಲನ್ನು ಕಾಯುವವನನ್ನು ಬಿಟ್ಟರೆ ಉಳಿಯುವವರು ಹತ್ತು ಮಂದಿ. ಹಳೆಯ ಕ್ರಮದಲ್ಲಿ ಇವರ ಪೈಕಿ ಇಬ್ಬರು ಹಿಂದೆ, ಮೂವರು ನಡುವೆ, ಐವರು ಮುಂದೆ ನಿಲ್ಲುತ್ತಿದ್ದರು. ಹತ್ತರಲ್ಲಿ ಅರ್ಧದಷ್ಟು ಜನ ಏರಿಹೋಗುವವರಾದುದರಿಂದ ಆಟ ನೋಡಲು ರಮ್ಯವಾಗಿತ್ತು. ಆದರೆ ಮುಂದೆ ಹೋದವರ ಕಾಲಿನಿಂದ ಚೆಂಡು ಜಾರಿ ಎದುರಾಳಿಯ ವಶವಾದರೆ, ಹಿಂದಿನ ವಿಶಾಲವಾದ ಬಯಲಿಗೆ ಇಬ್ಬರೇ ದಿಕ್ಕು. ಅವರನ್ನು ದಾಟಿದರೆ ಗೋಲಿನ ಬಾಗಿಲು ತೆರೆದಂತೆಯೇ. ಯೂರೋಪಿನ ತಂಡಗಳು ನಡುವಿನವರಲ್ಲಿ ಒಬ್ಬರನ್ನು ಹಿಂದಕ್ಕೆ ಕರೆಸಿ ರಕ್ಷಣೆಗೆ ಮೂರನೆಯ ಕಂಬವನ್ನು ಊರಿಕೊಂಡು ವರ್ಷಗಳೇ ಕಳೆದಿದ್ದವು. 1953ರಲ್ಲಿ ಹಂಗೆರಿ ತಂಡ ಮುಂದಿನ ಸಾಲಿನ ನಡುವಣ ಆಟಗಾರನನ್ನೇ ತುಸು ಹಿಂದೆ ನಿಲ್ಲಿಸಿ, ಇಂಗ್ಲೆಂಡನ್ನು ಅದರ ಸ್ವಂತ ನೆಲದಲ್ಲಿ 6-3 ಗೋಲುಗಳಿಂದ ಸೋಲಿಸಿ ಜಗತ್ತನ್ನು ಬೆರಗುಗೊಳಿಸಿತು. ಕಾಲ ಬದಲಾಗುತ್ತಿದೆಯೆಂಬುದನ್ನು ರಹೀಮರು ಮನಗಂಡರು. ರಕ್ಷಣೆಯನ್ನು ಬಲಪಡಿಸಿದರೆ ಆಕ್ರಮಣ ಕುಂದುತ್ತದೆ, ಆಕ್ರಮಣವನ್ನು ಹೆಚ್ಚಿಸಿದರೆ ರಕ್ಷಣೆ ತೆಳುವಾಗುತ್ತದೆ. ಈ ಇಕ್ಕಟ್ಟಿಗೆ ಅವರು ಕಂಡುಕೊಂಡ ಪರಿಹಾರ ಎರಡೂ ಕೆಲಸಗಳನ್ನು ಬಲ್ಲ ಆಟಗಾರರನ್ನು ಬೆಳೆಸುವುದು. ಚೆಂಡು ತಮ್ಮದಾದಾಗ ಮುಂದಕ್ಕೆ ನುಗ್ಗುವ, ಕೈತಪ್ಪಿದಾಗ ಹಿಂದಕ್ಕೆ ಧಾವಿಸುವ ಒಬ್ಬಿಬ್ಬರು ತಂಡದಲ್ಲಿದ್ದರೆ, ಹತ್ತು ಮಂದಿ ಹನ್ನೆರಡು ಮಂದಿಯ ಕೆಲಸವನ್ನು ಮಾಡಬಲ್ಲರು.

ಈ ಪರಿಶ್ರಮದ ಫಲ 1956ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ದೊರೆಯಿತು. ಸಮರ್ ಬ್ಯಾನರ್ಜಿ ಅವರ ನಾಯಕತ್ವದ ಆ ತಂಡದಲ್ಲಿ ಕನ್ನಡ ನಾಡಿನ ಕೆಂಪಯ್ಯನವರೂ ಇದ್ದರು. ಆತಿಥೇಯ ಆಸ್ಟ್ರೇಲಿಯಾವನ್ನು ಭಾರತ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಅವರೊಬ್ಬರೇ ಮೂರು ಗೋಲುಗಳನ್ನು ಗಳಿಸಿ, ಒಲಿಂಪಿಕ್ಸ್‌ನಲ್ಲಿ ಅಂತಹ ಸಾಧನೆ ಮಾಡಿದ ಪ್ರಥಮ ಏಷ್ಯನ್ ಆಟಗಾರರೆನಿಸಿದರು. ಉಪಾಂತ್ಯ ಪಂದ್ಯಕ್ಕೇರಿದ ಏಷ್ಯಾದ ಮೊದಲ ದೇಶವೆಂಬ ಗೌರವ ಭಾರತಕ್ಕೆ ಸಂದಿತು. ಅಲ್ಲಿ ಎದುರಾದುದು ಹೆಲ್ಸಿಂಕಿಯಲ್ಲಿ ಹತ್ತು ಗೋಲು ಹೊಡೆದಿದ್ದ ಅದೇ ಯುಗೋಸ್ಲಾವಿಯ. ಈ ಸಲ ಮೊದಲ ಗೋಲನ್ನು ಭಾರತವೇ ಗಳಿಸಿತಾದರೂ ಕೊನೆಗೆ 1-4ರಿಂದ ಸೋಲಬೇಕಾಯಿತು. ಮೂರನೆಯ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯ ಗೆದ್ದುದರಿಂದ ಭಾರತಕ್ಕೆ ಪದಕ ತಪ್ಪಿತು. ಆದರೂ ನಾಲ್ಕೇ ವರ್ಷಗಳಲ್ಲಿ ತಂಡ ನಡೆದು ಬಂದ ದೂರವನ್ನು ಎಲ್ಲರೂ ಕಂಡರು.

1960ರಲ್ಲಿ ರೋಮಿನ ಒಲಿಂಪಿಕ್ಸ್‌ಗೂ ರಹೀಮರೇ ತಂಡವನ್ನು ಕರೆದೊಯ್ದರು. ಹಂಗೆರಿಯಂತಹ ಬಲಿಷ್ಠ ತಂಡದೆದುರು ಭಾರತ 1-2ರಿಂದ ಸೋತಿತು. ಫ್ರಾನ್ಸಿನೊಡನೆ 1-1ರ ಸಮಬಲ ಸಾಧಿಸಿತು. ಪೆರು ದೇಶದೆದುರು ಸೋತು ಹಿಂದಿರುಗಿತು. ಆ ಪ್ರವಾಸದ ಒಂದು ಸಂಗತಿ ರಹೀಮರ ಸ್ವಭಾವಕ್ಕೆ ಹಿಡಿದ ಕನ್ನಡಿಯಂತಿದೆ. ತಂಡದೊಡನೆ ಹೋಗಿದ್ದ ತರುಣರಲ್ಲಿ ಅವರ ಮಗ ಸೈಯದ್ ಶಾಹಿದ್ ಹಕೀಂ ಒಬ್ಬರು. ಒಲಿಂಪಿಕ್ಸ್ ಬಯಲಿನಲ್ಲಿ ಒಂದು ಪಂದ್ಯವಾಡುವುದೆಂದರೆ ಯಾವ ಆಟಗಾರನಿಗಾದರೂ ಜನ್ಮ ಸಾರ್ಥಕವಾದಂತೆ. ಮೂರು ಪಂದ್ಯಗಳು ನಡೆದವು. ಮೂರರಲ್ಲಿಯೂ ಹಕೀಮರಿಗೆ ಹನ್ನೊಂದು ಮಂದಿಯಲ್ಲಿ ಸ್ಥಾನ ಸಿಗಲಿಲ್ಲ. ತಂಡವನ್ನು ಆರಿಸುವ ಕೈಯಲ್ಲಿದ್ದ ತಕ್ಕಡಿ ಮಗನ ಕಡೆಗೆ ವಾಲಲಿಲ್ಲ. ಹಕೀಮರು ಮುಂದೆ ವಾಯುಪಡೆಯ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ರೆಫರಿಯಾಗಿ ಹೆಸರು ಗಳಿಸಿ 2021ರಲ್ಲಿ ಕಲಬುರಗಿಯಲ್ಲಿ ನಿಧನರಾದರು.

ರಹೀಮರ ಬಾಳಿನ ಅತ್ಯಂತ ಕಠಿನವಾದ ಪರೀಕ್ಷೆ 1962ರಲ್ಲಿ ಇಂಡೋನೇಷ್ಯದ ಜಕಾರ್ತದಲ್ಲಿ ಕಾದಿತ್ತು. ನಾಲ್ಕನೆಯ ಏಷ್ಯನ್ ಕ್ರೀಡಾಕೂಟಕ್ಕೆ ಚುನಿ ಗೋಸ್ವಾಮಿ ಅವರ ನಾಯಕತ್ವದಲ್ಲಿ ಭಾರತ ತಂಡ ಅಲ್ಲಿಗೆ ಹೋಯಿತು. ಬೆಂಗಳೂರಿನ ಅರುಮೈನಾಯಗಂ ಆ ತಂಡದಲ್ಲಿದ್ದರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ 2-0 ಗೋಲುಗಳಿಂದ ಭಾರತವನ್ನು ಸೋಲಿಸಿತು. ಇನ್ನೊಂದು ಸೋಲು ಎದುರಾದರೆ ಮನೆಗೆ ಮರಳುವುದೊಂದೇ ದಾರಿ. ತಂಡ ಎದೆಗುಂದದೆ ಥಾಯ್ಲೆಂಡನ್ನು 4-1ರಿಂದಲೂ ಜಪಾನನ್ನು 2-0ಯಿಂದಲೂ ಗೆದ್ದು ಉಪಾಂತ್ಯ ಪಂದ್ಯಕ್ಕೇರಿತು. ಆದರೆ ಈ ಗೆಲುವಿಗೆ ತೆತ್ತ ಬೆಲೆ ಸಣ್ಣದಾಗಿರಲಿಲ್ಲ. ರಕ್ಷಣೆಯ ಆಧಾರಸ್ತಂಭವಾಗಿದ್ದ ಪಂಜಾಬಿನ ಜರ್ನೈಲ್ ಸಿಂಗರ ತಲೆಗೆ ಥಾಯ್ಲೆಂಡಿನ ಪಂದ್ಯದಲ್ಲಿ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಗೋಲನ್ನು ಕಾಯುವ ಪೀಟರ್ ತಂಗರಾಜ್ ಜ್ವರದಿಂದ ಬಳಲುತ್ತಿದ್ದರು. ತ್ರಿಲೋಕ್ ಸಿಂಗರ ಕಾಲ್ಬೆರಳಿಗೆ ಗಾಯವಾಗಿತ್ತು.

ಈಗ ಹನ್ನೊಂದು ಮಂದಿಯನ್ನು ಆರಿಸುವುದು ಹೇಗೆ? ಪಂದ್ಯದ ನಡುವೆ ಆಟಗಾರರನ್ನು ಬದಲಿಸಿಕೊಳ್ಳುವ ಸೌಕರ್ಯ ಅಂದು ಇಂದಿನಂತೆ ಇರಲಿಲ್ಲ. ಒಮ್ಮೆ ಬಯಲಿಗಿಳಿದವರೇ ಕೊನೆಯವರೆಗೂ ಹೊಣೆಗಾರರು. ಆರಿಸಿದವರಲ್ಲಿ ಒಬ್ಬರು ಕುಸಿದರೆ ಹತ್ತು ಮಂದಿಯಿಂದಲೇ ಹೋರಾಡಬೇಕು. ತಲೆಗೆ ಗಾಯವಾದ ಜರ್ನೈಲರನ್ನು ಕೈಬಿಟ್ಟರೆ ತಂಡದ ಎದೆಗಾರಿಕೆಯೇ ಕುಂದುತ್ತದೆ. ಹಿಂದಿನ ಸಾಲಿನಲ್ಲಿಯೇ ನಿಲ್ಲಿಸಿದರೆ ಮೇಲಿನಿಂದ ಬರುವ ಪ್ರತಿಯೊಂದು ಚೆಂಡನ್ನೂ ಆ ಗಾಯದ ತಲೆಯಿಂದಲೇ ತಡೆಯಬೇಕಾಗುತ್ತದೆ. ಇತ್ತ ಮುಂದಿನ ಸಾಲಿನಲ್ಲಿ ವೇಗವೂ ಚಳಕವೂ ಇದ್ದವು, ಎದುರಾಳಿಯ ರಕ್ಷಕರನ್ನು ಮೈಬಲದಿಂದ ಸೀಳಿಕೊಂಡು ಹೋಗುವ ಗಟ್ಟಿಗನ ಕೊರತೆಯಿತ್ತು. ರಹೀಮರು ಯಾರೂ ನಿರೀಕ್ಷಿಸದ ತೀರ್ಮಾನವನ್ನು ಕೈಗೊಂಡರು. ಏಷ್ಯಾದಲ್ಲಿಯೇ ಹೆಸರಾಗಿದ್ದ ಆ ರಕ್ಷಕನನ್ನು ಹಿಂದಿನಿಂದ ತೆಗೆದು ಆಕ್ರಮಣದ ಮುಂಚೂಣಿಯಲ್ಲಿ ನಿಲ್ಲಿಸಿದರು.

ಮೇಲುನೋಟಕ್ಕೆ ಇದು ಮನೆಯ ನಡುಗಂಬವನ್ನು ಕಿತ್ತು ಬಾಗಿಲಿಗೆ ಊರಿದಂತಹ ಕೆಲಸ. ಮುಂದೆ ಗೋಲು ಬರಬಹುದು, ಹಿಂದೆ ಗೋಡೆ ಕುಸಿದರೆ ಗತಿಯೇನು? ರಹೀಮರು ಅದನ್ನೂ ತೂಗಿಯೇ ಇದ್ದರು. ಜರ್ನೈಲರು ವಿದ್ಯಾರ್ಥಿಯಾಗಿದ್ದಾಗ ಮುನ್ನಡೆಯ ಆಟಗಾರನಾಗಿ ಆಡಿದವರೆಂಬುದು ಅವರಿಗೆ ಗೊತ್ತಿತ್ತು. ಅರುಣ್ ಘೋಷ್ ಮೊದಲಾದವರು ರಕ್ಷಣೆಯ ಭಾರವನ್ನು ಹೊರಬಲ್ಲರೆಂಬ ಭರವಸೆಯಿತ್ತು. ಮೇಲಾಗಿ ಮುಂದಕ್ಕೂ ಹಿಂದಕ್ಕೂ ಸಮನಾಗಿ ದುಡಿಯಬಲ್ಲ ಯೂಸುಫ್ ಖಾನರಂತಹ ಆಟಗಾರರು ತಂಡದಲ್ಲಿದ್ದರು. ತಕ್ಕಡಿಯ ಒಂದು ತಟ್ಟೆಯಿಂದ ತೆಗೆದ ತೂಕಕ್ಕೆ ಸರಿಯಾದ ತೂಕವನ್ನು ಮತ್ತೊಂದು ಕಡೆಯಿಂದ ತುಂಬಿಯೇ ಅವರು ಈ ಸಾಹಸಕ್ಕೆ ಕೈಹಾಕಿದ್ದರು. ಉಪಾಂತ್ಯ ಪಂದ್ಯದಲ್ಲಿ ಭಾರತ ದಕ್ಷಿಣ ವಿಯೆಟ್ನಾಮನ್ನು 3-2ರಿಂದ ಗೆದ್ದಿತು. ಮೂರರಲ್ಲಿ ಒಂದು ಗೋಲು ಜರ್ನೈಲ್ ಸಿಂಗರದೇ ಆಗಿತ್ತು. ಆದರೆ ಎರಡು ಗೋಲುಗಳನ್ನು ಬಿಟ್ಟುಕೊಟ್ಟದ್ದು ರಕ್ಷಣೆ ಇನ್ನೂ ಬಿಗಿಯಾಗಬೇಕೆಂಬ ಎಚ್ಚರಿಕೆಯನ್ನೂ ಕೊಟ್ಟಿತು.

ಅಂತಿಮ ಪಂದ್ಯ 1962ರ ಸೆಪ್ಟೆಂಬರ್ 4ರಂದು ನಡೆಯಿತು. ಎದುರಾಳಿ ಮೊದಲ ದಿನ ಸೋಲಿಸಿದ್ದ ಅದೇ ದಕ್ಷಿಣ ಕೊರಿಯ. ಸೆನಾಯನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ ನೆರೆದಿದ್ದರು. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ದೂರವಿಟ್ಟದ್ದನ್ನು ಭಾರತದ ಕ್ರೀಡಾಧುರೀಣ ಗುರುದತ್ತ ಸೋಂಧಿಯವರು ಖಂಡಿಸಿದ್ದರಿಂದ ಸ್ಥಳೀಯರು ಭಾರತದ ಮೇಲೆ ಮುನಿಸಿಕೊಂಡಿದ್ದರು. ಭಾರತದ ಆಟಗಾರರ ಕಿವಿಗೆ ಬಿದ್ದುದು ಜಯಕಾರವಲ್ಲ, ಧಿಕ್ಕಾರದ ಕೂಗು. ರಹೀಮರ ದೇಹವನ್ನು ರೋಗ ಆಗಲೇ ಒಳಗೊಳಗೇ ತಿನ್ನುತ್ತಿತ್ತು. ಆದರೂ ಅವರ ನಿರ್ಧಾರದಲ್ಲಿ ಅಳುಕಿರಲಿಲ್ಲ. ಜರ್ನೈಲರನ್ನು ಮುಂದಿನ ಸಾಲಿನಲ್ಲಿಯೇ ಉಳಿಸಿಕೊಂಡರು. ಜ್ವರದಿಂದ ಚೇತರಿಸಿಕೊಂಡ ಎತ್ತರದ ನಿಲುವಿನ ತಂಗರಾಜರನ್ನು ಗೋಲಿನ ಕಂಬಗಳ ನಡುವೆ ನಿಲ್ಲಿಸಿದರು. ಆಕ್ರಮಣಕ್ಕೆ ಒಬ್ಬ ಗಟ್ಟಿಗ, ರಕ್ಷಣೆಗೆ ಒಬ್ಬ ಗಟ್ಟಿಗ ಹೀಗೆ ಎರಡು ತಟ್ಟೆಗಳೂ ಸಮತೂಗಿದವು.

ಪಂದ್ಯ ಆರಂಭವಾಗಿ ಇಪ್ಪತ್ತು ನಿಮಿಷಗಳಾಗುವಷ್ಟರಲ್ಲಿ ಭಾರತ ಎರಡು ಗೋಲುಗಳನ್ನು ಗಳಿಸಿತು. ಮೊದಲನೆಯದು ಪಿ.ಕೆ. ಬ್ಯಾನರ್ಜಿ ಅವರದು, ಎರಡನೆಯದು ತಲೆಗೆ ಪಟ್ಟಿ ಕಟ್ಟಿಕೊಂಡು ಆಡುತ್ತಿದ್ದ ಜರ್ನೈಲ್ ಸಿಂಗರದು. ಗಳಿಸಿದ್ದಾಯಿತು, ಇನ್ನು ಉಳಿಸಿಕೊಳ್ಳುವ ಹೊಣೆ. ಕೊರಿಯದವರು ಅಲೆಯ ಮೇಲೆ ಅಲೆಯಂತೆ ಏರಿಬಂದರು. ಗಾಯಗೊಂಡ ಕಾಲಿನ ನೋವನ್ನು ನುಂಗಿಕೊಂಡು ತ್ರಿಲೋಕ್ ಸಿಂಗ್, ಎಡೆಬಿಡದೆ ಅರುಣ್ ಘೋಷ್, ಅವರ ಬೆನ್ನಿಗೆ ತಂಗರಾಜ್ ತಡೆಗೋಡೆಯಾಗಿ ನಿಂತರು. ಮುಂದಿನವರು ಹಿಂದಕ್ಕೆ ಓಡಿಬಂದು ಕೈಗೂಡಿಸಿದರು. ಪಂದ್ಯ ಮುಗಿಯುವ ಹೊತ್ತಿಗೆ ಕೊರಿಯ ಒಂದು ಗೋಲನ್ನು ಮಾತ್ರ ಗಳಿಸಲು ಶಕ್ತವಾಯಿತು. 2-1ರ ಅಂತರದಲ್ಲಿ ಭಾರತ ಗೆದ್ದಿತು. ತಮ್ಮ ಗುರುವಿಗೆ ಆ ತಂಡ ಸಲ್ಲಿಸಿದ ಕಾಣಿಕೆ ಆ ಚಿನ್ನದ ಪದಕ.

ಆ ಸಂತೋಷವನ್ನು ಅನುಭವಿಸಲು ರಹೀಮರಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಶ್ವಾಸಕೋಶದ ಕ್ಯಾನ್ಸರ್ ರೋಗಕ್ಕೆ ತುತ್ತಾದ ಅವರು 1963ರ ಜೂನ್ 11ರಂದು ತೀರಿಕೊಂಡರು. ಜಕಾರ್ತದ ಗೆಲುವಿಗೆ ಆಗ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಅವರಿಗೆ ಐವತ್ಮೂರು ವರ್ಷ ವಯಸ್ಸು. 1960ರ ರೋಮಿನ ಬಳಿಕ ಭಾರತದ ಕಾಲ್ಚೆಂಡಾಟದ ತಂಡ ಒಲಿಂಪಿಕ್ಸ್‌ನಲ್ಲಿ ಆಡಿಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ 1970ರಲ್ಲಿ ಒಂದು ಕಂಚಿನ ಪದಕ ದೊರೆತುದನ್ನು ಬಿಟ್ಟರೆ ಮತ್ತೆ ಪದಕ ಬಂದಿಲ್ಲ. ಬಹುಕಾಲ ಜನರ ನೆನಪಿನಿಂದ ಮರೆಯಾಗಿದ್ದ ರಹೀಮರ ಕಥೆಯನ್ನು 2024ರಲ್ಲಿ ತೆರೆಕಂಡ ಮೈದಾನ್ ಎಂಬ ಹಿಂದಿ ಚಲನಚಿತ್ರ ಹೊಸ ಪೀಳಿಗೆಗೆ ಪರಿಚಯಿಸಿತು.

ರಹೀಮರು ಬಿಟ್ಟುಹೋದದ್ದು ಪದಕಗಳನ್ನು ಮಾತ್ರವಲ್ಲ. ತಂಡವೆಂದರೆ ಹನ್ನೊಂದು ಮಂದಿ ನಿಪುಣರ ಗುಂಪಲ್ಲ, ಒಬ್ಬರಿಗೊಬ್ಬರು ಒದಗುವ ಹನ್ನೊಂದು ಮಂದಿಯ ಕೂಟ ಎಂಬುದನ್ನು ಅವರು ಮಾಡಿ ತೋರಿಸಿದರು. ಗೋಲು ಗಳಿಸಿದವನ ಹೆಸರು ಮರುದಿನದ ಪತ್ರಿಕೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಗೋಲನ್ನು ತಡೆದವನ ಹೆಸರು ಮೂಲೆಯಲ್ಲಿ ಉಳಿಯುತ್ತದೆ, ಎಷ್ಟೋ ಸಲ ಅದೂ ಇರುವುದಿಲ್ಲ. ಆದರೆ ರಹೀಮರ ತಕ್ಕಡಿಯಲ್ಲಿ ಇಬ್ಬರ ತೂಕವೂ ಒಂದೇ ಆಗಿತ್ತು. ಮಗನೆಂಬ ಮೋಹಕ್ಕೂ ಹೆಸರೆಂಬ ಆಕರ್ಷಣೆಗೂ ಬಾಗದ ಆ ತಕ್ಕಡಿಯೇ ಒಬ್ಬ ಶಾಲಾ ಉಪಾಧ್ಯಾಯರನ್ನು ದೇಶದ ಗುರುವನ್ನಾಗಿ ಮಾಡಿತು.